ಪಂಪಿನ ಪಾಳಿಯಲ್ಲಿ ನನ್ನ ಹೆಸರು

ಇವತ್ತು ಮಾಡಿದ ಕೆಲಸಗಳು ಇಷ್ಟು. ಉದ್ದು, ಮೆಂತೆ ನೆನೆಹಾಕಿದೆ. ಮಗ ನಿತಿನ್‌ನ ಮೂರು ಶರ್ಟಿಗೆ ಇಸ್ತ್ರಿ ಹಾಕಿದೆ. ದೋಹಾದ ಪಕ್ಕದ ಲುಸೈಲ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಅಲ್ಲಿನ ಧೂಳಿಗೆ ದಿನಕ್ಕೊಂದು ಶರ್ಟು ಬೇಕು. ಕುಚ್ಚಲಕ್ಕಿಗೆ ಹುಳ ಬಿದ್ದಿತ್ತು, ಪೇಪರಿನ ಮೇಲೆ ಹರಡಿ ಬಿಸಿಲಿಗಿಟ್ಟೆ. ಮಂಗಳೂರಿನಲ್ಲಿರುವ ಮಗಳು ಶ್ವೇತಾಳಿಗೆ ಫೋನ್ ಮಾಡಿದೆ, ಅವಳಿಗೆ ಪುರುಸೊತ್ತಿರಲಿಲ್ಲ. ಇವರ ಬಿ.ಪಿ. ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿದೆ. ಬಸಳೆ ಬಳ್ಳಿಗೆ ಹೊಸ ಕೋಲು ಕಟ್ಟಿದೆ. ಹತ್ತು ಗಂಟೆಗೆ ನೀರಿನ ಮೋಟಾರು ಹಾಕಿದೆ, ಹಾಕಿದ್ದನ್ನು ಮರೆತೆ.

ನಾವೀಗ ಇರುವ ಐನ್ ಖಾಲಿದ್ ಬಡಾವಣೆಯ ಮನೆಯ ತಾರಸಿಯಲ್ಲೊಂದು ಟಾಂಕಿ ಇದೆ. ತುಂಬಿದರೆ ತಾನಾಗಿ ನಿಲ್ಲುವ ವ್ಯವಸ್ಥೆ ಕೆಟ್ಟು ತಿಂಗಳಾಯಿತು. ಅಂಗಳದಲ್ಲಿ ದಬದಬ ನೀರು ಸುರಿಯುವ ಸದ್ದು ಕೇಳಿ ಓಡಿದೆ. ಕಾದ ಸಿಮೆಂಟಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆಯೊಂದಿದೆ. ಊರಿನ ಮೊದಲ ಮಳೆಯ ಮಣ್ಣಿನ ವಾಸನೆ ಅಲ್ಲ ಅದು. ಸುಣ್ಣದ್ದೂ ಬಿಸಿ ಕಲ್ಲಿನದೂ ಸೇರಿದ ಹಾಗಿರುತ್ತದೆ. ಮೋಟಾರು ನಿಲ್ಲಿಸಿ ಒದ್ದೆ ಕಾಲಿನಲ್ಲಿ ಅಲ್ಲೇ ನಿಂತೆ. ಒಂದು ಕಾಲದಲ್ಲಿ ಹದಿನಾರು ಮನೆಗಳ ನೀರು ನನ್ನ ಕೈಗೆ ಬರುವುದರಲ್ಲಿತ್ತು. ಆ ಮನೆಗಳನ್ನು ನಾನು ನೋಡಿರಲಿಲ್ಲ, ಇವತ್ತಿನವರೆಗೂ ನೋಡಿಲ್ಲ.

ಅದು ತೊಂಬತ್ತೈದನೆಯ ಇಸವಿ. ನಾವಾಗ ದೋಹಾ ಅಲ್ ಜದೀದಾದಲ್ಲಿ, ಒಂದು ಟೈಲರ್ ಅಂಗಡಿಯ ಹಿಂದಿನ ನೆಲಮಹಡಿಯ ಮನೆಯಲ್ಲಿದ್ದೆವು. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಅಡುಗೆಮನೆಗೆ ಕಿಟಕಿ ಇತ್ತು ಎಂದು ಹೇಳಬಹುದು. ತೆರೆದರೆ ಪಕ್ಕದ ಕಟ್ಟಡದ ಏ.ಸಿ.ಗಳ ಬೆನ್ನುಗಳು ಎದುರಿಗೆ ನಿಂತು ಬಿಸಿಗಾಳಿ ಉಗುಳುತ್ತಿದ್ದವು. ಹಾಗಾಗಿ ತೆರೆಯುತ್ತಿರಲಿಲ್ಲ. ಶ್ವೇತಾ ಎಂಟು ವರ್ಷದವಳು, ನಿತಿನ್‌ಗೆ ಐದು. ನನ್ನ ಗಂಡ ಒಂದು ಕಂಪನಿಯಲ್ಲಿ ಕಾಗದಪತ್ರಗಳ ಕೆಲಸದಲ್ಲಿದ್ದರು. ನೌಕರರ ವೀಸಾ, ಲೈಸೆನ್ಸು, ಎಲ್ಲದರ ಅರ್ಜಿ ತುಂಬುವುದು ಇವರೇ.

ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ ಇವರು ಕೈಯಲ್ಲಿ ಕಾಗದ ಹಿಡಿದು ಬಂದರು. ಇಲ್ಲಿ ಮನೆ ಬಾಗಿಲಿಗೆ ಅಂಚೆ ಬರುವುದಿಲ್ಲ. ಎಲ್ಲರ ಪತ್ರಗಳೂ ಕಂಪನಿಯ ಪೆಟ್ಟಿಗೆಗೆ ಬರುತ್ತಿದ್ದವು. ಹೊರಗೆ ಉಸಿರು ಕಟ್ಟುವ ಸೆಕೆ. ಒಳಗೆ ಬಂದ ಕೂಡಲೇ ಕನ್ನಡಕಕ್ಕೆ ಮಂಜು ಕವಿಯಿತು. ಒರೆಸದೆ, ಬೂಟೂ ಕಳಚದೆ ಸೋಫಾದ ತುದಿಯಲ್ಲಿ ಕೂತರು.

"ಸುಗುಣಾ, ಆ ಮನೆ ಮಾರ್ತಾರಂತೆ."

ಯಾವ ಮನೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಮದುವೆಯಾದಾಗಿನಿಂದ ಆ ಮನೆಯ ಬಗ್ಗೆ ಕೇಳುತ್ತಲೇ ಬಂದಿದ್ದೆ. ಬೊಂಬಾಯಿಯ ಮಾಟುಂಗಾದಲ್ಲಿ, ಎರಡೂ ಬದಿ ದೊಡ್ಡ ಮರಗಳಿರುವ ಒಂದು ರಸ್ತೆ. ಅಲ್ಲಿ ಹದಿನಾರು ಕುಟುಂಬಗಳು ಸೇರಿ ಸೊಸೈಟಿ ಮಾಡಿಕೊಂಡು, ಯುದ್ಧಕ್ಕೆ ಮುಂಚೆ ಕಟ್ಟಿಸಿದ ಮೂರು ಮಾಳಿಗೆಯ ಕಟ್ಟಡ. ಇವರು ಮದುವೆಗೆ ಮೊದಲು ಬೊಂಬಾಯಿಯಲ್ಲಿ ಟೈಪಿಸ್ಟ್ ಆಗಿದ್ದರು. ಆರು ಜನರೊಂದಿಗೆ ಒಂದು ಕೋಣೆಯಲ್ಲಿ ವಾಸ. ಭಾನುವಾರಗಳಲ್ಲಿ ಮಾತ್ರ ಆ ಕಟ್ಟಡದ ಮೊದಲ ಮಾಳಿಗೆಗೆ, ರೈಲ್ವೆಯಿಂದ ನಿವೃತ್ತರಾದ ಒಬ್ಬ ಎಂಜಿನಿಯರರ ಮನೆಗೆ ಹೋಗುತ್ತಿದ್ದರು. ಆ ಹಿರಿಯರು ಚರಂಡಿ, ಬಸ್ಸು, ಬೀದಿದೀಪಗಳ ಬಗ್ಗೆ ಪತ್ರಿಕೆಗಳಿಗೆ ದೂರು ಬರೆಸುತ್ತಿದ್ದರಂತೆ. ಎರಡು ವರ್ಷ ಪ್ರತಿ ಭಾನುವಾರ ಇವರು ಆ ಹಾಲ್‌ನ ಅರ್ಧಚಂದ್ರಾಕಾರದ ಕಿಟಕಿಯ ಪಕ್ಕ ಕೂತು ಟೈಪ್ ಮಾಡಿದ್ದರು.

ಆ ಎಂಜಿನಿಯರರು ತೀರಿಕೊಂಡು, ಅವರ ಹೆಂಡತಿ ಈಗ ಪುಣೆಯಲ್ಲಿ ಮಗಳ ಮನೆಗೆ ಹೋಗುತ್ತಾರಂತೆ. ಮನೆಯನ್ನು ಬಿಲ್ಡರುಗಳ ಕೈಗೆ ಕೊಡಲು ಅವರಿಗೆ ಮನಸ್ಸಿಲ್ಲ. ಸೊಸೈಟಿಯ ಕಾರ್ಯದರ್ಶಿ, ಕುಮಟೆ ಕಡೆಯ ಶಾನುಭಾಗರು ಎಂಬ ವೃದ್ಧರು, ಆ ಟೈಪಿಸ್ಟನನ್ನು ನೆನಪಿಟ್ಟುಕೊಂಡು ಪತ್ರ ಬರೆದಿದ್ದರು. ದುಡ್ಡಿನ ವಿಷಯ ಇಲ್ಲಿ ಬೇಡ. ಅದು ಹೇಗೋ ಕೂಡಿಬಂತು; ಅದರಿಂದ ಏನೂ ಕೆಡಲಿಲ್ಲ.

ಮುಂದಿನ ಶುಕ್ರವಾರ, ಇಲ್ಲಿಯ ವಾರದ ರಜೆಯ ದಿನ, ಇವರು ಮಕ್ಕಳ ಸೀಮೆಸುಣ್ಣ ಹಿಡಿದು ನೆಲಕ್ಕೆ ಕೂತರು. ಆ ಮನೆಯನ್ನು ನನಗೆ ತೋರಿಸಬೇಕಂತೆ. ಹೆಜ್ಜೆ ಅಳೆದು ಅಳೆದು ಗೆರೆ ಹಾಕಿದರು. ಆ ಹಾಲ್ ನಮ್ಮ ಹಾಲ್‌ನಲ್ಲಿ ಹಿಡಿಸಲಿಲ್ಲ. ಒಂದು ಮೂಲೆ ಬಾಗಿಲು ದಾಟಿ ಕೋಣೆಯ ಒಳಗೆ ಮಂಚದಡಿಗೆ ಹೋಯಿತು. ಅರ್ಧಚಂದ್ರದ ಕಿಟಕಿ ಟಿ.ವಿ. ಸ್ಟ್ಯಾಂಡಿನ ಕೆಳಗೆ ಬಂತು. ಹಸಿರು, ಬಿಳಿ ಟೈಲ್ಸು ಎಷ್ಟು ಸಾಲು, ಟೈಪ್ ಮಿಷನ್ನಿನ ಮೇಜು ಎಲ್ಲಿ, ಮಳೆಗಾಲದಲ್ಲಿ ಕೊಡೆ ಇಡುವ ಹಿತ್ತಾಳೆಯ ಹಂಡೆ ಎಲ್ಲಿ, ಇವರಿಗೆ ಎಲ್ಲವೂ ಗೊತ್ತಿತ್ತು.

"ಅಡುಗೆಮನೆ ಎಲ್ಲಿ?" ಎಂದು ಕೇಳಿದೆ.

ಇವರು ಸೀಮೆಸುಣ್ಣ ಹಿಡಿದು ಗೆರೆಗಳ ಮೇಲೆ ಕಣ್ಣಾಡಿಸಿದರು. "ಒಳಗೆ ಎಲ್ಲೋ."

"ಎಲ್ಲೋ ಅಂದ್ರೆ?"

"ಕಾಫಿ ಈ ಕಡೆಯಿಂದ ಬರ್ತಿತ್ತು" ಎಂದು ಫ್ರಿಜ್ಜಿನ ಕಡೆ ಕೈ ತೋರಿಸಿದರು.

ಆಗ ತಿಳಿಯಿತು: ಎರಡು ವರ್ಷಗಳಲ್ಲಿ ಒಂದು ದಿನವೂ ಇವರನ್ನು ಹಾಲ್ ದಾಟಿ ಒಳಗೆ ಕರೆದಿರಲಿಲ್ಲ. ಇವರಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಟೈಪ್ ಮಾಡಲು ಹೋದವನಿಗೆ ಒಳಗೇನು ಕೆಲಸ, ಎಂದರು.

ಆ ಗೆರೆಗಳು ಎರಡೂವರೆ ತಿಂಗಳು ನಮ್ಮ ನೆಲದ ಮೇಲಿದ್ದವು. ನಾನು ನೆಲ ಒರೆಸುವಾಗ ಗೆರೆ ಬಿಟ್ಟು ಒರೆಸುತ್ತಿದ್ದೆ. ಸವೆದಲ್ಲಿ ಇವರು ಶುಕ್ರವಾರ ಮತ್ತೆ ತೀಡುತ್ತಿದ್ದರು. ನಿತಿನ್ ಅರ್ಧಚಂದ್ರದ ಒಳಗೆ ಕಾರು ಬಿಡುತ್ತಿದ್ದ. ಪಕ್ಕದ ಮನೆಯ ಜೊಹರಾ ಮಾತ್ರ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಗಲಾಟೆ ಮಾಡುತ್ತಿದ್ದಳು. ಅವಳು ಉಪ್ಪಿನಂಗಡಿ ಕಡೆಯ ಬ್ಯಾರಿ. ಮುಂದಿನ ಆ ಟೈಲರ್ ಅಂಗಡಿ ಅವಳ ಗಂಡನದೇ.

"ಸುಗುಣಕ್ಕಾ, ಚಪ್ಪಲಿ ದೋಹಾದಲ್ಲಿ ಬಿಡ್ಬೇಕಾ, ಬೊಂಬಾಯಿಯಲ್ಲಿ ಬಿಡ್ಬೇಕಾ?"

"ಎಲ್ಲಾದರೂ ಬಿಡು. ಗೋಡೆ ತುಳಿಯಬೇಡ."

"ಯಾ ಅಲ್ಲಾ, ಇದು ಗೋಡೆಯಾ!" ಎಂದು ಗೆರೆ ದಾಟಿ ಹಾರುತ್ತಿದ್ದಳು. ಕಟ್ಟಡ ಯುದ್ಧಕ್ಕೆ ಮುಂಚಿನದು ಎಂದಾಗ, "ಹಾಗಾದ್ರೆ ಹೊಸತೇ ಅಲ್ವಾ, ಐದು ವರ್ಷ ಆಗಿರ್ಬಹುದು" ಎಂದಳು. ಅವಳಿಗೆ ಯುದ್ಧ ಎಂದರೆ ಕುವೈತಿನದು. ನಮಗೆಲ್ಲರಿಗೂ ಆಗ ಅದೇ ಯುದ್ಧ. ಹಿಟ್ಲರನ ಕಾಲದ್ದು ಎಂದು ತಿಳಿಸಿ ಹೇಳಿದ ಮೇಲೆ ಅವಳ ಮುಖ ಸಪ್ಪಗಾಯಿತು. "ಅಷ್ಟು ಹಳೇ ಮನೆಗೆ ಇಷ್ಟು ಸಂಭ್ರಮವಾ? ನಮ್ಮವರು ಊರಲ್ಲಿ ಹೊಸ ಟೆರೇಸ್ ಮನೆ ಕಟ್ಟುವವರನ್ನು ಮಾತ್ರ ಮನುಷ್ಯ ಅಂತ ಹೇಳುದು."

ಸಂಭ್ರಮ ನನಗೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಇವರು ಹಾಲ್ ಬರೆದರು. ಬರೆಯದೆ ಬಿಟ್ಟ ಜಾಗವನ್ನೆಲ್ಲ ನಾನು ಮನಸ್ಸಿನಲ್ಲಿ ತುಂಬಿದೆ. ಅಡುಗೆಮನೆಗೆ ಪೂರ್ವದ ಕಿಟಕಿ ಇಟ್ಟೆ. ಹೊರಗೆ ಮರ. ಕಡೆಯುವ ಕಲ್ಲು ಕಿಟಕಿಯ ಕೆಳಗೆ, ಕಡೆಯುತ್ತ ಕಡೆಯುತ್ತ ರಸ್ತೆ ಕಾಣಬೇಕು, ತರಕಾರಿಯವನು ಕೂಗಬೇಕು. ಮುಚ್ಚಿದ ಕಿಟಕಿಯ ಎದುರು ನಿಂತು ಚಪಾತಿ ಲಟ್ಟಿಸುವಾಗ ನಾನು ಅಲ್ಲಿರುತ್ತಿದ್ದೆ. ಎಷ್ಟೋ ಸಲ ಚಪಾತಿ ಕರಕಾದದ್ದು ಅದರಿಂದಲೇ.

ನವೆಂಬರಿನಲ್ಲಿ ಗಾಳಿ ತಂಪಾಯಿತು. ಏ.ಸಿ. ನಿಲ್ಲಿಸಿದೆವು, ಅದರ ಗುಂಯ್ ಎನ್ನುವ ಸದ್ದು ನಿಂತಾಗ ಪ್ರತಿವರ್ಷವೂ ಕಿವಿ ಹೊಸದಾದಂತೆ ಆಗುತ್ತದೆ. ಸೊಸೈಟಿಯ ಅರ್ಜಿ ಬಂದದ್ದು ಆಗಲೇ. ಇಂಗ್ಲಿಷಿನಲ್ಲಿತ್ತು, ನಾಲ್ಕು ಪುಟ. ಇವರು ಆಫೀಸಿನಲ್ಲೇ ಅಂದವಾಗಿ ಟೈಪ್ ಮಾಡಿ ತುಂಬಿಸಿಕೊಂಡು ಬಂದಿದ್ದರು. ಇಬ್ಬರ ಹೆಸರಿನಲ್ಲಿ ಕೊಳ್ಳುವುದರಿಂದ ನನ್ನ ರುಜುವೂ ಬೇಕಿತ್ತು. ನಾನು ಮೀನಿಗೆ ಮಸಾಲೆ ಹಚ್ಚುತ್ತಿದ್ದೆ. ಕೈ ತೊಳೆದು ಬಂದೆ. "ಇಲ್ಲಿ, ಮತ್ತೆ ಇಲ್ಲಿ" ಎಂದರು. ಹಾಕಿದೆ. ಓದಲಿಲ್ಲ.

ಡಿಸೆಂಬರಿನ ಎರಡನೆಯ ವಾರ ಮಳೆ ಬಂತು. ಇಲ್ಲಿಯ ಮಳೆ ವರ್ಷಕ್ಕೆ ನಾಲ್ಕಾರು ದಿನ, ಆದರೆ ಹರಿದುಹೋಗಲು ಅದಕ್ಕೆ ದಾರಿಯೇ ಇರಲಿಲ್ಲ. ಶಾಲೆ ಬೇಗ ಬಿಟ್ಟರು. ಓಣಿಯಲ್ಲಿ ಮೊಣಕಾಲಿನವರೆಗೆ ನೀರು ನಿಂತು, ಟೈಲರ್ ಅಂಗಡಿಯ ಬಟ್ಟೆಯ ಚೂರುಗಳು ಬಣ್ಣಬಣ್ಣವಾಗಿ ತೇಲಿಬಂದವು. ಬಾಗಿಲಿನ ಸಂದಿಯಿಂದ ನೀರು ಒಳಗೆ ನುಗ್ಗಿತು. ನಾನು, ಜೊಹರಾ, ಶ್ವೇತಾ ಸೇರಿ ಸಂಜೆಯವರೆಗೆ ಚಾಪೆ, ಟವೆಲ್ಲು, ಹಳೆ ಲುಂಗಿ ಹಾಕಿ ಹಾಕಿ ಹಿಂಡಿದೆವು. ಮುಗಿಯುವಾಗ ನೆಲದ ಮೇಲೆ ಗೆರೆಯೊಂದೂ ಇರಲಿಲ್ಲ. ಇವರು ಬಂದು ನೋಡಿ, "ಪರ್ವಾಗಿಲ್ಲ, ಶುಕ್ರವಾರ ಪುನಃ ಹಾಕುವಾ" ಎಂದರು.

ಆ ಶುಕ್ರವಾರಕ್ಕೆ ಮೊದಲೇ ಶಾನುಭಾಗರ ಪತ್ರ ಬಂತು. ಲಕೋಟೆಯ ಮೇಲೆ ನನ್ನ ಹೆಸರಿತ್ತು. "ನಿನಗೇ ಬಂದಿದೆ ಮಾರಾಯ್ತಿ" ಎಂದು ಇವರು ನಗುತ್ತ ಕೊಟ್ಟರು, ಒಡೆದಿರಲಿಲ್ಲ. ದಪ್ಪ ಅಕ್ಷರದ ಕನ್ನಡ.

"ಸೌ. ಸುಗುಣಾ ಅವರಿಗೆ ಶಾನುಭಾಗನ ನಮಸ್ಕಾರ. ನೀವು ಮಕ್ಕಳೊಂದಿಗೆ ಜೂನ್‌ನಿಂದ ಇಲ್ಲಿ ವಾಸಕ್ಕೆ ಬರುವಿರೆಂದು ಅರ್ಜಿಯಿಂದ ತಿಳಿದು ಸಂತೋಷವಾಯಿತು. ನಮ್ಮಲ್ಲಿ ಪಂಪಿಗೆ ಸಂಬಳದ ಆಳಿಲ್ಲ. ಮನೆಗೊಂದು ವಾರದಂತೆ ಪಾಳಿ. ಬೆಳಿಗ್ಗೆ ಐದೂವರೆಗೆ ಕೆಳಗಿನ ತೊಟ್ಟಿಗೆ ನಲ್ಲಿಯ ನೀರು ಬರುತ್ತದೆ. ತುಂಬುವ ತನಕ ಕಾದು ಪಂಪು ಹಾಕಬೇಕು, ಮೇಲಿನ ಟಾಂಕಿ ತುಂಬಿದ ಕೂಡಲೇ ನಿಲ್ಲಿಸಬೇಕು. ಹಾಕುವುದಕ್ಕಿಂತ ನಿಲ್ಲಿಸುವುದು ಮುಖ್ಯ. ಉಳಿದ ಹದಿನೈದು ಮನೆಯವರು ನಿಮ್ಮ ಭರವಸೆಯ ಮೇಲೆ ಮಲಗಿರುತ್ತಾರೆ. ಬೀಗ ಹಾಕಿದ ಮನೆಗೆ ಪಾಳಿ ಇಲ್ಲ, ಪಾಳಿ ಇಲ್ಲದವರಿಗೆ ಸದಸ್ಯತ್ವವಿಲ್ಲ. ಇದು ಕಟ್ಟಿಸಿದವರು ಮಾಡಿಟ್ಟ ನಿಯಮ."

ಜೊತೆಗೆ ಪಾಳಿಯ ಪಟ್ಟಿಯ ಪ್ರತಿ. ನೋಟೀಸು ಬೋರ್ಡಿನಲ್ಲಿ ಅಂಟಿಸಿಯೂ ಆಗಿದೆಯಂತೆ. ಜೂನ್ ಮೊದಲನೆಯ ವಾರ, ಮನೆ ಆರು, ಸುಗುಣಾ.

ಎರಡು ಸಲ ಓದಿದೆ. ನನಗೆ ಬಂದ ಸಿಟ್ಟು ಎಷ್ಟಿತ್ತೋ, ಆ ಪಟ್ಟಿಯಿಂದ ಕಣ್ಣು ಕೀಳಲಾಗದ ಆಸೆಯೂ ಅಷ್ಟೇ ಇತ್ತು. ಈ ದೇಶದಲ್ಲಿ ನನ್ನ ಪಾಸ್‌ಪೋರ್ಟಿನ ಮುದ್ರೆ ಹೇಳುತ್ತಿದ್ದುದು ಒಂದೇ: ಗೃಹಿಣಿ, ಕೆಲಸ ಮಾಡಲು ಅನುಮತಿ ಇಲ್ಲ. ಅಲ್ಲಿ ಯಾರೋ ಮುಖ ನೋಡದ ವೃದ್ಧರು, ಹದಿನೈದು ಮನೆಯವರ ನಿದ್ದೆಯನ್ನು ನನ್ನ ಭರವಸೆಗೆ ಬಿಟ್ಟಿದ್ದರು.

"ನೀವು ಅರ್ಜಿಯಲ್ಲಿ ಎಂತ ಬರೆದ್ರಿ?"

ಇವರು ಪತ್ರ ಓದಿ ಮುಗಿಸಿದ್ದರು. "ಯಾರು ವಾಸ ಮಾಡ್ತಾರೆ, ಯಾವಾಗಿಂದ ಅಂತ ಒಂದು ಕಾಲಂ ಇತ್ತು."

"ಅದಕ್ಕೆ?"

"ಖಾಲಿ ಬಿಡ್ಲಿಕ್ಕೆ ಆಗ್ತದಾ? ಖಾಲಿ ಬಿಟ್ಟ ಫಾರ್ಮು ವಾಪಸ್ ಬರ್ತದೆ."

"ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು."

"ನೀನು ಸೈನ್ ಹಾಕಿದ್ದೀಯಲ್ಲ!"

ಅದು ಕುಹಕದ ಮಾತಲ್ಲ. ಇವರ ಹನ್ನೆರಡು ವರ್ಷದ ಕೆಲಸವೇ ಅದು: ಫಾರ್ಮಿನ ಒಂದು ಮನೆ ಖಾಲಿ ಬಿಟ್ಟರೆ ಕೌಂಟರಿನವನು "ಮಾಫಿ", ಅಂದರೆ ಇಲ್ಲ, ಎಂದು ಫೈಲು ಆಚೆ ತಳ್ಳುತ್ತಾನೆ, ಇನ್ನೊಬ್ಬನ ಹೆಂಡತಿ ಮಕ್ಕಳು ಇನ್ನೂ ಒಂದು ತಿಂಗಳು ಊರಲ್ಲೇ ಉಳಿಯುತ್ತಾರೆ. ಖಾಲಿ ಮನೆ ಕಂಡರೆ ಇವರ ಕೈ ತಾನಾಗಿ ತುಂಬುತ್ತದೆ. ಈ ಸಲ ನನ್ನನ್ನೂ ಮಕ್ಕಳನ್ನೂ ಹಾಕಿ ತುಂಬಿದ್ದರು.

ಮನೆ ಬೇಕಾದರೆ ನಾನು, ಮಕ್ಕಳು ಬೊಂಬಾಯಿಗೆ ಹೋಗಬೇಕು, ಇವರು ಇಲ್ಲೇ ಉಳಿಯಬೇಕು. ಇಲ್ಲಿ ಇವರ ಸಂಬಳ ನಿಂತರೆ ಮನೆಯೂ ಇಲ್ಲ. ಒಟ್ಟಿಗೇ ಇರಬೇಕಾದರೆ ಮನೆ ಬಿಡಬೇಕು. ನಡುವೆ ಇನ್ನೊಂದು ದಾರಿ ಇರಲಿಲ್ಲ. ಫೆಬ್ರವರಿಯೊಳಗೆ ಹೌದೋ ಅಲ್ಲವೋ ತಿಳಿಸಬೇಕಿತ್ತು.

ಒಂದೂವರೆ ತಿಂಗಳು ನಾವು ಆ ವಿಷಯ ಬಿಟ್ಟು ಉಳಿದದ್ದೆಲ್ಲ ಮಾತಾಡಿದೆವು. ಹೊಸ ವರ್ಷವೂ ಬಂತು. ಉತ್ತರದ ಗಾಳಿ ಬೀಸಿ ಮೂರು ದಿನ ಎಲ್ಲದರ ಮೇಲೂ ಧೂಳು. ಎಷ್ಟು ಒರೆಸಿದರೂ ಬಟ್ಟಲಿನ ಅಂಚಿನಲ್ಲಿ ನಯವಾದ ಮಣ್ಣು. ನಾನು ಇಡೀ ನೆಲ ಒರೆಸುತ್ತಿದ್ದೆ; ಬಿಟ್ಟು ಒರೆಸಲು ಏನೂ ಉಳಿದಿರಲಿಲ್ಲ. ಇವರೂ ಮತ್ತೆ ಸೀಮೆಸುಣ್ಣ ಮುಟ್ಟಲಿಲ್ಲ. ಶುಕ್ರವಾರ ಮಧ್ಯಾಹ್ನ ಎಲ್ಲರೂ ಮಲಗಿದರೆ ಇವರು ಹಾಲ್‌ನಲ್ಲಿ ಕೂತು ಗೋಡೆ ನೋಡುತ್ತಿದ್ದರು.

ಜೊಹರಾಳಿಗೆ ಹೇಳಿದೆ. ಅವಳು ಬಟಾಣಿ ಬಿಡಿಸುತ್ತ ಕೇಳಿಸಿಕೊಂಡಳು.

"ನಾನು ಎಂತ ಹೇಳ್ಲಿ ಅಕ್ಕಾ. ಒಂಬತ್ತು ವರ್ಷ ನಾನು ಊರಲ್ಲಿ, ಇವರು ಇಲ್ಲಿ. ಎರಡು ವರ್ಷಕ್ಕೊಮ್ಮೆ ಬರ್ತಿದ್ರು. ಬಂದಾಗ ಕೋಳಿ, ತುಪ್ಪದ ಅನ್ನ, ನಮ್ಮ ನೆಯ್‌ಚೋರು. ಜಗಳ ಮಾತ್ರ ಮಾಡ್ಲೇ ಇಲ್ಲ. ನೆಂಟರ ಹತ್ರ ಯಾರಾದ್ರೂ ಜಗಳ ಮಾಡ್ತಾರಾ? ಇಲ್ಲಿಗೆ ಬಂದ ಎರಡನೇ ವಾರ, ಪಾತ್ರೆ ತೊಳೆಯದ್ದಕ್ಕೆ ಬೈದ್ರು ನೋಡಿ. ಆಗ ನನಗೆ ಸಮಾಧಾನ ಆಯ್ತು. ಹಾಂ, ಗಂಡನೇ ಇದು ಅಂತ."

ನಾವು ಇಬ್ಬರೂ ನಕ್ಕೆವು. ಆದರೆ ನನಗೆ ನನ್ನ ನಾಲ್ಕು ವರ್ಷ ನೆನಪಿಗೆ ಬಂತು. ಮದುವೆಯ ನಂತರ ಇವರಿಗೆ ಕುಟುಂಬದ ವೀಸಾ ಸಿಗುವವರೆಗೆ ನಾನು ಶ್ವೇತಾಳೊಂದಿಗೆ ಕಾರ್ಕಳದ ಹತ್ತಿರದ ಊರಲ್ಲಿದ್ದೆ. ರಜೆಯಲ್ಲಿ ಬಂದಾಗ ಇವರು ಫ್ಯಾನ್ ಹಾಕಲು ನನ್ನನ್ನು ಕೇಳುತ್ತಿದ್ದರು. "ಹಾಕ್ಲಾ?" ಎಂದು. ಸ್ವಂತ ಮನೆಯಲ್ಲಿ.

ಜನವರಿಯ ಕೊನೆಯ ಗುರುವಾರ. ಅರ್ಧ ದಿನದ ಆಫೀಸು ಮುಗಿಸಿ ಇವರು ಬಂದಿದ್ದರು, ಮಕ್ಕಳು ಜೊಹರಾಳ ಮನೆಯಲ್ಲಿದ್ದರು. ನಾನು ಚಾ ಲೋಟ ಮುಂದಿಟ್ಟು ಎದುರಿಗೆ ಕೂತೆ.

"ಒಂದು ಕೇಳ್ತೇನೆ. ಆ ಮನೆಯಲ್ಲಿ ನೀವು ಎರಡು ವರ್ಷ ಎಲ್ಲಿ ಕೂತಿದ್ರಿ?"

"ಹಾಲ್‌ನಲ್ಲಿ. ಯಾಕೆ?"

"ನಾವು ಹೋದರೆ ನಾನು, ಮಕ್ಕಳು ಒಳಗಿರ್ತೇವೆ. ಅಡುಗೆಮನೆ ಎಲ್ಲಿದೆ ಅಂತ ನನಗೆ ಗೊತ್ತಾಗ್ತದೆ. ಶ್ವೇತಾಳಿಗೆ ಅವಳ ಕೋಣೆ. ನೀವು ವರ್ಷಕ್ಕೆ ಒಂದು ತಿಂಗಳು ಬರ್ತೀರಿ. ಸೂಟ್‌ಕೇಸ್ ಇಡ್ತೀರಿ. ಪುನಃ ಹಾಲ್‌ನಲ್ಲೇ ಕೂತ್ಕೊಳ್ತೀರಿ. ನಾನು ಒಳಗಿಂದ ಕಾಫಿ ತರ್ತೇನೆ."

ಚಾ ಮೇಲೆ ಕೆನೆ ಕಟ್ಟಿತು. ಇವರು ಲೋಟ ಬದಿಗೆ ಸರಿಸಿ, "ನಿನಗೆ ಆಸೆ ಇಲ್ವಾ?" ಎಂದರು.

"ಉಂಟು" ಎಂದೆ. "ನಿಮಗಿಂತ ಜಾಸ್ತಿ ಉಂಟು. ಪಟ್ಟಿಯಲ್ಲಿರುದು ನನ್ನ ಹೆಸರು."

ಇವರು ತಣ್ಣಗಾದ ಚಾವನ್ನೇ ಕುಡಿದು, ಲೋಟ ತಾವೇ ತೊಳೆದಿಟ್ಟು, ಕಾಗದ ತೆಗೆದುಕೊಂಡು ಕೂತರು. ಟೈಪ್ ಮಾಡುವ ಮನುಷ್ಯ ಕೈಯಲ್ಲಿ ಬರೆದರು. ಮೂರೇ ಸಾಲು. ಓದಲು ನನಗೆ ಕೊಟ್ಟರು. ಈ ಸಲ ಪೂರ್ತಿ ಓದಿ ರುಜು ಹಾಕಿದೆ.

ಶಾನುಭಾಗರು ಮಾರ್ಚ್‌ನಲ್ಲಿ ಉತ್ತರ ಬರೆದರು, ಬೇಸರವಿಲ್ಲದೆ. ಮನೆ ಒಬ್ಬ ಡಾಕ್ಟರ ಕುಟುಂಬಕ್ಕೆ ಹೋಯಿತಂತೆ. ನನ್ನ ಹೆಸರಿನ ಮೇಲೆ ಗೆರೆ ಎಳೆದು ಅವರ ಹೆಸರು ಬರೆದಿದ್ದಾರಂತೆ. ಆಮೇಲೆ ಪತ್ರಗಳು ನಿಂತವು. ಬೊಂಬಾಯಿ ಮೇಲಾಗಿ ಊರಿಗೆ ಹೋಗುವಾಗ ಒಂದೆರಡು ಸಲ ಅಲ್ಲಿಗೆ ಹೋಗಿ ಬರುವಷ್ಟು ಹೊತ್ತಿತ್ತು. ಇಬ್ಬರಲ್ಲಿ ಒಬ್ಬರೂ ಮಾಟುಂಗಾದ ಹೆಸರೆತ್ತಲಿಲ್ಲ. ಅಡುಗೆಮನೆ ಯಾವ ಕಡೆಗಿತ್ತು ಎಂದು ಶಾನುಭಾಗರನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿ ಪಶ್ಚಿಮಕ್ಕೆ ಎಂದುಬಿಟ್ಟಿದ್ದರೆ? ಹಲವು ವರ್ಷ ಜೂನ್ ಮೊದಲ ವಾರ ನನಗೆ ಐದೂವರೆಗೆ ಎಚ್ಚರವಾಗುತ್ತಿತ್ತು. ಏಳಲು ಕಾರಣವಿರಲಿಲ್ಲ. ಮಲಗಿಯೇ ತೊಟ್ಟಿ ತುಂಬುವುದನ್ನು ಕಾಯುತ್ತಿದ್ದೆ.

ನನಗೆ ಹೆಚ್ಚು ನೆನಪಿರುವುದು ಆ ಗುರುವಾರದ ಮರುದಿನ. ಬೆಳಿಗ್ಗೆ ಎದ್ದವರೇ ಇವರು ದೊಡ್ಡ ಅಂಚೆ ಕಚೇರಿಗೆ ಹೋಗಿ ಪತ್ರ ಹಾಕಿ, ಮಾರ್ಕೆಟ್ಟಿನಿಂದ ಶೇರಿ ಮೀನು ತಂದರು. ಬಿಸಿಲು ಹಿತವಾಗಿತ್ತು. ಮೆಟ್ಟಿಲ ಮೇಲೆ ಪೇಪರು ಹಾಸಿ ನಾನೇ ಮೀನು ಕೊಯ್ದೆ; ಜೊಹರಾ ಏನಾಯಿತೆಂದು ಕೇಳದೆ ಒಂದು ಹಿಡಿ ಕರಿಬೇವು ತಂದುಕೊಟ್ಟು ಹೋದಳು. ತೆಂಗಿನಕಾಯಿ ಹಾಕಿ ಗಸಿ ಮಾಡಿದೆ. ಕುಚ್ಚಲಕ್ಕಿ ಅನ್ನ, ಗಸಿ, ಮಾವಿನಕಾಯಿ ಉಪ್ಪಿನಕಾಯಿ, ಮಕ್ಕಳಿಗೆ ಎರಡು ತುಂಡು ಹುರಿದದ್ದು. ನಿತಿನ್‌ಗೆ ಇವರೇ ಮುಳ್ಳು ಬಿಡಿಸಿಕೊಟ್ಟರು. "ನಿಧಾನ ತಿನ್ನು, ಎಲ್ಲಿಗೂ ಹೋಗ್ಲಿಕ್ಕಿಲ್ಲ" ಎಂದರು.

ಊಟವಾದ ಮೇಲೆ ಕೋಣೆಯಲ್ಲಿ ನಾಲ್ವರೂ ಒಂದೇ ಹೊದಿಕೆಯ ಕೆಳಗೆ ಅಡ್ಡಾದೆವು. ಯಾವಾಗಲೂ ಮೊದಲು ನಿದ್ದೆ ಹೋಗುವವನು ನಿತಿನ್, ಕೊನೆಗೆ ನಾನು. ಅವತ್ತು ತಲೆ ಇಟ್ಟದ್ದಷ್ಟೇ ಗೊತ್ತು, ಎಲ್ಲರಿಗಿಂತ ಮೊದಲು ನಾನು ಮಲಗಿಬಿಟ್ಟಿದ್ದೆ. ಮಸೀದಿಯ ಸಂಜೆಯ ಬಾಂಗಿಗೆ ಎಚ್ಚರವಾದಾಗ ಮಕ್ಕಳು ಒಬ್ಬರ ಮೇಲೊಬ್ಬರು ಕಾಲು ಹಾಕಿ ಮಲಗಿದ್ದರು. ಇವರು ಪಾಳಿಯಲ್ಲಿರುವವರ ಹಾಗೆ ಕಣ್ಣು ಬಿಟ್ಟುಕೊಂಡೇ ಇದ್ದರು.